ಊರುಗೋಲಿನಲ್ಲಿ ಬಂದ ಇರುವೆ

ತೊಂಬತ್ತರ ದಶಕದ ಆರಂಭ. ನಾವು ಸಿಡ್ನಿಗೆ ಬಂದು ಎರಡು ವರ್ಷವಾಗಿತ್ತು. ಮನೆಯಲ್ಲಿ ಎಲ್ಲವೂ ಪಿಆರ್‌ಗಾಗಿ, ಅಂದರೆ ಕಾಯಂ ವಾಸದ ಅನುಮತಿಗಾಗಿ, ಕಾಯುತ್ತಿತ್ತು. ಸೋಫಾ ಕೊಳ್ಳುವುದು ಪಿಆರ್ ಬಂದ ಮೇಲೆ, ಮೈಸೂರಿಗೆ ಹೋಗಿ ಅಮ್ಮನನ್ನು ನೋಡುವುದು ಪಿಆರ್ ಬಂದ ಮೇಲೆ, ಮಗುವಿನ ಯೋಚನೆಯೂ ಪಿಆರ್ ಬಂದ ಮೇಲೆ. ನನ್ನ ಗಂಡ ಸೇತುವೆಗಳ ಇಂಜಿನಿಯರ್. ಕಂಪನಿ ಕೊಡಿಸಿದ್ದ ವೀಸಾ ಮುಗಿಯಲು ಒಂದು ವರ್ಷವೂ ಉಳಿದಿರಲಿಲ್ಲ. ಸರ್ಕಾರಿ ಲಕೋಟೆ ಬಂದರೆ ಅದನ್ನು ಒಡೆಯುವ ಮೊದಲು ಇಬ್ಬರೂ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆವು. ನಿಂತುಕೊಂಡು ಓದುವ ಧೈರ್ಯ ಇರಲಿಲ್ಲ.

ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಕ್ಯಾಂಪಸ್ಸಿನ ಮರಗಳ ಮೇಲಿನ ಇರುವೆಗಳ ಬಗ್ಗೆ ಪಿಎಚ್‌ಡಿ ಶುರುಮಾಡಿ, ಮದುವೆಯಾಗಿ, ಅರ್ಧಕ್ಕೆ ಬಿಟ್ಟು ಬಂದಿದ್ದೆ. ಸಿಡ್ನಿಯ ಒಂದು ವಿಶ್ವವಿದ್ಯಾಲಯದ ಕೀಟ ಸಂಗ್ರಹದಲ್ಲಿ ವಾರಕ್ಕೆ ಮೂರು ದಿನದ ಕೆಲಸ ಸಿಕ್ಕಿತ್ತು. ಆರು ತಿಂಗಳಿಗೊಮ್ಮೆ ಹೊಸದಾಗಿ ಬರೆಯಬೇಕಾದ ಕಾಂಟ್ರಾಕ್ಟ್. ದೊಡ್ಡ ಕೀಟಗಳನ್ನು ಸೂಜಿಗೆ ಚುಚ್ಚಬೇಕು, ಇರುವೆಯಂಥ ಸಣ್ಣವನ್ನು ಕಾಗದದ ತ್ರಿಕೋನದ ತುದಿಗೆ ಅಂಟಿಸಬೇಕು, ಅದರ ಕೆಳಗೆ ಚೀಟಿ ಹಚ್ಚಬೇಕು. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರು ಹಿಡಿದರು. ಸಂಗ್ರಹದ ಮುಖ್ಯಸ್ಥೆ ಅರವತ್ತರ ಹತ್ತಿರದ ಆಸ್ಟ್ರೇಲಿಯನ್ ಹೆಂಗಸು. ಮೊದಲ ದಿನವೇ ನನಗೆ ಹೇಳಿದ್ದರು: "ಕಾಲು ಮುರಿದರೆ ಕ್ಷಮಿಸುತ್ತೇನೆ. ಚೀಟಿ ಸುಳ್ಳಾದರೆ ಕ್ಷಮಿಸುವುದಿಲ್ಲ."

ನಾವಿದ್ದದ್ದು ವೆಸ್ಟ್‌ಮೀಡ್‌ನಲ್ಲಿ, ಕೆಂಪು ಇಟ್ಟಿಗೆಯ ಮೂರು ಮಹಡಿಯ ಕಟ್ಟಡದ ಒಂದು ಯೂನಿಟ್‌ನಲ್ಲಿ. ನಮ್ಮ ಮೇಲಿನ ಮನೆಯಲ್ಲಿ ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಆಂಟಿಯೊಬ್ಬರಿದ್ದರು. ಗಂಡ ತೀರಿಕೊಂಡಿದ್ದರು, ವೃದ್ಧರ ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸ ಮಾಡುತ್ತಿದ್ದರು. ಅವರು ಹುಟ್ಟಿದ್ದು ಆಫ್ರಿಕಾದಲ್ಲಿ. ಅವರ ತಂದೆ ಟಾಂಗಾನಿಕಾದ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರಂತೆ. ಓದಲೆಂದು ಮಗಳನ್ನು ಮಂಗಳೂರಿಗೆ ಕಳಿಸಿದ್ದರಿಂದ ಆಂಟಿಗೆ ಕನ್ನಡ ಬಂದಿತ್ತು. ನಾವು ಬಂದ ಮೊದಲ ವಾರ ನನ್ನನ್ನು ಕೈ ಹಿಡಿದು ರೈಲು ಹತ್ತಿಸಿದವರು ಅವರು. ನನಗೆ ಜ್ವರ ಬಂದು ಮಲಗಿದಾಗ ಮೂರು ದಿನ ಗಂಜಿ ತಂದುಕೊಟ್ಟವರೂ ಅವರೇ. ಆ ಚಳಿಗಾಲದಲ್ಲಿ ಅವರ ಅಣ್ಣ ಆಫ್ರಿಕಾದಲ್ಲಿ ತೀರಿಕೊಂಡರು. ಆಂಟಿ ಮಣ್ಣಿಗೆ ಹೋಗಿ ಮೂರು ವಾರ ಇದ್ದು ವಾಪಸ್ ಬಂದಿದ್ದರು.

ಬಂದ ಒಂದು ವಾರಕ್ಕೆ, ಶನಿವಾರ ಮಧ್ಯಾಹ್ನ, ಜಾಮ್ ಬಾಟಲಿಯೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ನಿಮ್ಮದು ಇರುವೆಯ ಓದಲ್ವಾ? ಇದು ಎಂಥ ಇರುವೆ ನೋಡಿ ಮಾರಾಯ್ತಿ. ರೂಮಿನಲ್ಲಿ ಹೀಟರ್ ಹಾಕಿದ ಮೇಲೆ ಗೋಡೆ ಮೇಲೆ ಬರ್ತಾ ಉಂಟು."

ಬಾಟಲಿಯೊಳಗೆ ಮೂರು ಇರುವೆಗಳಿದ್ದವು. ಕಪ್ಪು, ಚಪ್ಪಟೆ, ಒರಟು ಮೈ. ಓಡುವ ಇರುವೆಗಳಲ್ಲ, ಕಾಲುಗಳನ್ನು ಮೈಗೆ ಒತ್ತಿಕೊಂಡು ಕಲ್ಲಂಗಡಿ ಬೀಜದಂತೆ ಬಿದ್ದುಕೊಂಡಿದ್ದವು. ಬಾಟಲಿ ಅಲ್ಲಾಡಿಸಿದರೂ ಏಳಲಿಲ್ಲ. ಸತ್ತಂತೆ ಆಡುವ ಆ ನಾಟಕ ನನಗೆ ಗೊತ್ತಿತ್ತು. ಮೈಸೂರಿನ ಹೊಂಗೆ ಮರದ ತೊಗಟೆಯ ಮೇಲೆ ಇವುಗಳ ನೆಂಟರನ್ನು ನೂರು ಸಲ ನೋಡಿದ್ದೆ. ಕ್ಯಾಟಾಲಕಸ್ ಎಂಬ ಕುಲ. ಆಫ್ರಿಕಾದಲ್ಲಿ ಬಹಳ, ನಮ್ಮ ದೇಶದಲ್ಲಿ ಕೆಲವು. ಆಸ್ಟ್ರೇಲಿಯಾದಲ್ಲಿ ಒಂದೂ ಇಲ್ಲ.

ಬಾಟಲಿಯ ಮುಚ್ಚಳವನ್ನು ಇನ್ನಷ್ಟು ಬಿಗಿದೆ. "ಆಂಟಿ, ಊರಿಂದ ಏನು ತಂದಿರಿ?"

"ಎಂಥ ತರೋದು? ನಾಲ್ಕು ಫೋಟೋ, ಅತ್ತಿಗೆ ಕೊಟ್ಟ ಸೀರೆ."

"ಮರದ್ದು ಏನಾದ್ರೂ?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಗ್ಗಿದ ಧ್ವನಿಯಲ್ಲಿ, "ಅಪ್ಪನ ಕೋಲುಂಟು" ಅಂದರು.

ಮೇಲೆ ಹೋಗಿ ನೋಡಿದೆ. ಶಿಲುಬೆಯ ಪಕ್ಕದಲ್ಲಿ, ಗೋಡೆಗೆ ಒರಗಿಸಿ, ಒಂದು ಊರುಗೋಲು. ಹಿಡಿಯ ಭಾಗ ಕೈಯ ಎಣ್ಣೆ ಕುಡಿದು ಹೊಳೆಯುತ್ತಿತ್ತು. ತಂದೆ ಅದನ್ನು ಮೂವತ್ತು ವರ್ಷ ಊರಿದ್ದರು, ಆಮೇಲೆ ಅಣ್ಣ. ಅಣ್ಣ ಹಾಸಿಗೆ ಹಿಡಿದ ಮೇಲೆ ಅದು ವರಾಂಡದಲ್ಲಿ, ಮಾವಿನ ಮರದ ಕೊಂಬೆಗೆ ತಾಗಿಕೊಂಡು, ಎರಡು ವರ್ಷ ನಿಂತಿತ್ತಂತೆ. ಆಂಟಿ ಅದನ್ನು ಸೀರೆಯಲ್ಲಿ ಸುತ್ತಿ, ಮೂಲೆಯಿಂದ ಮೂಲೆಗೆ ಓರೆಯಾಗಿ ಸೂಟ್‌ಕೇಸಿಗೆ ಹಾಕಿ ತಂದಿದ್ದರು. ಹೊರದೇಶದ ಹುಳುಹುಪ್ಪಟೆ ಒಳಗೆ ಬಾರದಿರಲೆಂದು ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಮರದ ವಸ್ತು ಇದೆಯೇ ಎಂಬ ಪ್ರಶ್ನೆಗೆ ಇಲ್ಲ ಎಂದು ಗುರುತು ಹಾಕಿದ್ದರು.

"ತೆಗೆದುಕೊಂಡುಬಿಡ್ತಾರೆ ಅಂತ ಹೆದರಿಕೆ ಆಯ್ತು. ಅಣ್ಣನನ್ನು ಮಣ್ಣು ಮಾಡಿ ಬಂದಿದ್ದೆ, ಇದನ್ನೂ ಕೊಡ್ಲಾ?"

ಹಿಡಿಯಿಂದ ಒಂದು ಗೇಣು ಕೆಳಗೆ ಹುಳ ಕೊರೆದ ಸಣ್ಣ ತೂತಿತ್ತು, ಸಾಸಿವೆ ಕಾಳು ಹೋಗುವಷ್ಟು. ಭೂತಗನ್ನಡಿ ತಂದು ನೋಡಿದೆ. ತೂತು ಖಾಲಿ ಇರಲಿಲ್ಲ. ಒಳಗಿನಿಂದ ಒಂದು ಇರುವೆ ತನ್ನ ತಲೆಯಿಂದಲೇ ಬಾಗಿಲು ಮುಚ್ಚಿ ಕೂತಿತ್ತು.

ಕೋಲನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿಗೆ ಟೇಪ್ ಸುತ್ತಿ ಆಂಟಿಯ ಸ್ನಾನದ ತೊಟ್ಟಿಯಲ್ಲಿ ಮಲಗಿಸಿದೆವು. ಬಾಟಲಿಯ ಮೂರು ಇರುವೆಗಳನ್ನು ನಾನು ಕೆಳಗೆ ತಂದೆ. ಸಂಜೆ ಗಂಡನಿಗೆ ಎಲ್ಲ ಹೇಳಿದೆ.

"ನೋಡು, ನಮ್ಮ ಫೈಲ್ ಇಮಿಗ್ರೇಷನ್ನವರ ಟೇಬಲ್ ಮೇಲಿದೆ. ಇದರಲ್ಲಿ ನಿನ್ನ ಹೆಸರು ಬಂದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿದೀಯಾ?"

"ಕ್ವಾರಂಟೈನ್ ಆಫೀಸಿಗೆ ಹೇಳಿದ್ರೆ ಆಂಟಿ ಸಿಕ್ಕಿಹಾಕ್ಕೋತಾರೆ ರೀ. ಹೇಳ್ದೇ ಇದ್ರೆ ನಾನು."

"ಹಾಗಾದ್ರೆ ಕೋಲಿನ ಮೇಲೆ ಬಿಸಿನೀರು ಹುಯ್ದು ಮರೆತುಬಿಡಿ."

ಅದೇ ಸುಲಭದ ದಾರಿ. ಆದರೆ ಗೋಡೆ ಹತ್ತಿದವು ಮೂರೇ ಎಂದು ಯಾರಿಗೆ ಗೊತ್ತು? ಆಂಟಿಯ ಕಿಟಕಿಗೆ ತಾಗಿದಂತೆ ಒಂದು ನೀಲಗಿರಿ ಮರವಿತ್ತು. ಭಾನುವಾರ ಬೆಳಗ್ಗೆ ಅದರ ಕೆಳಗೆ ಬಿಳಿ ಬೆಡ್‌ಶೀಟ್ ಹಾಸಿ, ಕೈಗೆಟುಕಿದ ಕೊಂಬೆಗಳನ್ನೆಲ್ಲ ಪೊರಕೆಯ ಹಿಡಿಯಿಂದ ಬಡಿದೆ. ಜೇಡಗಳು ಬಿದ್ದವು, ಒಣ ಎಲೆ ಬಿತ್ತು, ಇಲ್ಲಿನ ಮಾಮೂಲಿ ಇರುವೆಗಳು ಬಿದ್ದು ಓಡಿದವು. ಕಲ್ಲಂಗಡಿ ಬೀಜದಂಥದ್ದು ಒಂದೂ ಬೀಳಲಿಲ್ಲ. ಪಕ್ಕದ ಯೂನಿಟ್‌ನ ಮುದುಕ ಬಾಲ್ಕನಿಯಿಂದ ನೋಡುತ್ತ ನಿಂತಿದ್ದ. ಸುಮ್ಮನೆ ಕೈಬೀಸಿದೆ.

ಮೊದಲು ಅದು ಯಾವ ಪ್ರಭೇದ ಎಂದು ತಿಳಿಯಲಿ, ಹೇಳುವುದು ಆಮೇಲೆ ಎಂದು ನನಗೆ ನಾನೇ ಹೇಳಿಕೊಂಡೆ. ಬೆಳೆ ಹಾಳುಮಾಡುವಂಥದ್ದಾದರೆ ತಕ್ಷಣ ಹೇಳುತ್ತೇನೆ, ನಿರುಪದ್ರವಿಯಾದರೆ ನೋಡೋಣ ಎಂದು. ಇದು ನೆಪವೆಂದು ಒಳಗೆ ಗೊತ್ತಿತ್ತು. ಆದರೂ ಸೋಮವಾರ ಆಲ್ಕೋಹಾಲಿನ ಸಣ್ಣ ಸೀಸೆಯಲ್ಲಿ ಮೂರೂ ಇರುವೆಗಳನ್ನು ಕೈಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೋದೆ.

ಊಟದ ವೇಳೆಯಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ಒಂದನ್ನಿಟ್ಟೆ. ಆ ಕುಲದ ಆಫ್ರಿಕಾದ ಪ್ರಭೇದಗಳನ್ನು ಗುರುತಿಸಲು ಗ್ರಂಥಾಲಯದಲ್ಲಿ ಒಂದು ಕೀ ಇತ್ತು. ಕೀ ಎಂದರೆ ಹೌದು-ಅಲ್ಲ ಎಂಬ ಪ್ರಶ್ನೆಗಳ ಸರಣಿ. ತಲೆಯ ಅಂಚಿನಲ್ಲಿ ಹಲ್ಲುಗಳಿವೆಯೇ? ಇದ್ದರೆ ಮುಂದಿನ ಪ್ರಶ್ನೆ. ಎದೆಯ ಹಿಂಬದಿಯ ಎರಡು ಮುಳ್ಳು ಉದ್ದವೇ, ಮೊಂಡೇ? ಹೊಟ್ಟೆಯ ಮೇಲಿನ ಕೂದಲು ಚೂಪೇ, ತುದಿಯಲ್ಲಿ ದಪ್ಪಗೇ? ಎರಡು ದಿನದ ಊಟದ ವೇಳೆಯಲ್ಲಿ ನಾನು ಕೊನೆಯ ಕವಲಿಗೆ ಬಂದು ನಿಂತೆ. ಒಂದು ಕಡೆ, ಆಫ್ರಿಕಾದ ತೋಟಗಳಲ್ಲೆಲ್ಲ ಸಿಗುವ ಸಾಮಾನ್ಯ ಪ್ರಭೇದ. ಇನ್ನೊಂದು ಕಡೆ, ಬಹಳ ಹಿಂದೆ ಯಾರೋ ಹಿಡಿದ ಒಂದೇ ಒಂದು ಕೆಲಸಗಾರ ಇರುವೆಯಿಂದ ಮಾತ್ರ ಗೊತ್ತಿದ್ದ ಪ್ರಭೇದ. ಅದರ ರಾಣಿಯನ್ನು ಯಾರೂ ನೋಡಿಲ್ಲ, ಗೂಡು ಎಲ್ಲಿ ಕಟ್ಟುತ್ತದೆಂದೂ ತಿಳಿಯದು. ಇವೆರಡಕ್ಕೂ ಇದ್ದ ವ್ಯತ್ಯಾಸ ಕೂದಲಿನದು, ಮುಳ್ಳಿನ ನಡುವಿನ ಅಂತರದ್ದು. ನನ್ನ ಕಣ್ಣಿಗೆ ಒಮ್ಮೆ ಹೀಗೆ ಕಾಣುತ್ತಿತ್ತು, ಇನ್ನೊಮ್ಮೆ ಹಾಗೆ.

"ಇದು ನಮ್ಮದಲ್ಲ. ಎಲ್ಲಿಯದು?"

ಮುಖ್ಯಸ್ಥೆ ನನ್ನ ಹಿಂದೆ ನಿಂತಿದ್ದರು. ಬಂದದ್ದು ಕೇಳಿಸಿರಲಿಲ್ಲ.

"ಇಂಡಿಯಾದ್ದು," ಎಂದೆ. "ನನ್ನ ಹಳೆಯ ಕಲೆಕ್ಷನ್."

ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿಂದ ಜಾರಿ ಬಿತ್ತು. ಅವರು ಬಗ್ಗಿ ನೋಡಿ, "ಚೆನ್ನಾಗಿದೆ. ಚೀಟಿ ಹಚ್ಚು" ಎಂದು ಹೋದರು. ನನಗೆ ಅವತ್ತು ಮತ್ತೇನೂ ಓದಲಾಗಲಿಲ್ಲ. ಸೀಸೆಗೆ ಚೀಟಿ ಹಾಕಲೂ ಇಲ್ಲ.

ಕನ್ನಡದ ಡಾಕ್ಟರೊಬ್ಬರ ವಿಷಯ ನಾನು ಹಿಂದೊಮ್ಮೆ ಯುಗಾದಿ ಕೂಟದಲ್ಲಿ ಕೇಳಿದ್ದೆ. ಮೆಲ್ಬರ್ನ್‌ನಲ್ಲಿ ಒಬ್ಬರು ಬೆಂಗಳೂರಿನ ಡಾಕ್ಟರಿದ್ದಾರೆ, ಆಫ್ರಿಕಾದಲ್ಲಿ ಹದಿನೈದು ವರ್ಷವಿದ್ದು ಬರುವಾಗ ಪೆಟ್ಟಿಗೆ ತುಂಬ ಸತ್ತ ಇರುವೆ ಹೊತ್ತು ತಂದಿದ್ದಾರೆ ಎಂದು ಯಾರೋ ನಗೆಯಾಡಿದ್ದರು. ಹೋಲಿಸಿ ನೋಡಲು ನಮ್ಮ ಸಂಗ್ರಹದಲ್ಲಿ ಆಫ್ರಿಕಾದ ಇರುವೆಗಳು ಇರಲಿಲ್ಲ. ನಂಬರ್ ಹುಡುಕಿ ಫೋನ್ ಮಾಡಿದೆ. "ಬನ್ನಿ, ಬನ್ನಿ. ಇರುವೆ ನೋಡೋಕೆ ಅಂತ ನಮ್ಮನೆಗೆ ಇದುವರೆಗೆ ಯಾರೂ ಬಂದಿಲ್ಲ" ಎಂದರು. ಎರಡು ದಿನ ರಜೆ ಹಾಕಿ ಬೆಳಗಿನ ರೈಲು ಹತ್ತಿದೆ. ದಾರಿಯುದ್ದಕ್ಕೂ ಕೈಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಟಿಕೆಟ್ ನೋಡಲು ಬಂದವನ ಟೋಪಿ ಕಂಡರೂ ಚೀಲವನ್ನು ಎದೆಗೊತ್ತಿಕೊಳ್ಳುತ್ತಿದ್ದೆ.

ಡಾಕ್ಟರ ಮನೆ ಬಾಕ್ಸ್ ಹಿಲ್‌ನಲ್ಲಿತ್ತು. ಎಪ್ಪತ್ತರ ಆಸುಪಾಸು, ಸ್ವೆಟರ್ ಮೇಲೆ ಸ್ವೆಟರ್. ಅವರ ಹೆಂಡತಿ ನನ್ನನ್ನು ತಮ್ಮ ಮನೆಯಲ್ಲೇ ಉಳಿಸಿಕೊಂಡು, ಮಾರನೆಯ ಬೆಳಗ್ಗೆ ಉಪ್ಪಿಟ್ಟು ಕೊಟ್ಟು, "ಇವರ ಇರುವೆ ಪುರಾಣ ಶುರುವಾದ್ರೆ ಊಟದ ಹೊತ್ತಿಗೆ ನಾನೇ ಬಂದು ಬಿಡಿಸ್ತೀನಿ" ಎಂದು ಒಳಗೆ ಹೋದರು. ಗ್ಯಾರೇಜಿನಲ್ಲಿ ಮರದ ಡ್ರಾಯರುಗಳು, ಮೂಗಿಗೆ ಹೊಡೆಯುವ ನುಸಿಗುಳಿಗೆಯ ವಾಸನೆ.

ಡಾಕ್ಟರು ನನ್ನ ಒಂದು ಇರುವೆಯನ್ನು ತಮ್ಮ ಹಿತ್ತಾಳೆಯ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಪಕ್ಕದಲ್ಲಿ ತಮ್ಮಲ್ಲಿದ್ದ ಸಾಮಾನ್ಯ ಪ್ರಭೇದದ ಹತ್ತು ಹನ್ನೆರಡು ಇರುವೆಗಳನ್ನು ಒಂದಾದ ಮೇಲೊಂದು ಇಟ್ಟು ನೋಡಿದರು. ನಂತರ ನಾನು ನಕಲು ಮಾಡಿ ತಂದಿದ್ದ ಕೀಯ ವರ್ಣನೆಯನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ನಾನು ಒಂದೊಂದು ಸಾಲು ಓದಿದಾಗಲೂ "ಹೂಂ" ಎನ್ನುತ್ತಿದ್ದರು.

"ಕಾಮನ್ ಒನ್ ಅಲ್ಲ ಕಣಮ್ಮ ಇದು," ಎಂದರು ಕೊನೆಗೆ. "ಹದಿನೈದು ವರ್ಷದಲ್ಲಿ ನನಗೆ ಇದು ಒಂದೂ ಸಿಕ್ಕಿಲ್ಲ. ನಿನಗೆ ಎಲ್ಲಿ ಸಿಕ್ತು?"

ಸುಳ್ಳನ್ನು ಮತ್ತೆ ಹೇಳಲು ಬಾಯಿ ತೆರೆದೆ. ಆಗಲಿಲ್ಲ. ಅಳು ಬಂತು. ಅಪರಿಚಿತರ ಗ್ಯಾರೇಜಿನಲ್ಲಿ ನಿಂತು ಕೋಲು, ಆಂಟಿ, ಕಾರ್ಡು, ಬೆಡ್‌ಶೀಟು, ಮುಖ್ಯಸ್ಥೆಗೆ ಹೇಳಿದ ಸುಳ್ಳು ಎಲ್ಲವನ್ನೂ ಹೇಳಿದೆ.

"ಕೋಲು ಈಗ ಎಲ್ಲಿದೆ?"

"ಬಾತ್‌ಟಬ್‌ನಲ್ಲಿ."

"ಒಳಗೆ ರಾಣಿ ಇರಬಹುದು. ಯಾರೂ ನೋಡದ ರಾಣಿ. ಅದು ಒಂದು ಕಡೆ ಇರಲಿ." ಅವರು ಕನ್ನಡಕ ತೆಗೆದರು. "ಇದು ಬೆಳೆಗೆ ಪೀಡೆಯೋ ಅಲ್ಲವೋ ಅನ್ನೋದು ನಾನೂ ನೀನೂ ಇಲ್ಲಿ ಕೂತು ತೀರ್ಮಾನ ಮಾಡೋದಲ್ಲ. ವಾಪಸ್ ಹೋಗಿ ಹೇಳು. ಆದ್ರೆ ಆ ಹೆಂಗಸಿಗೆ ಮೊದಲು ಹೇಳು, ಆಫೀಸಿಗೆ ಆಮೇಲೆ. ಕೋಲನ್ನು ಬೆಂಕಿಗೆ ಹಾಕಬೇಕಾಗಿಲ್ಲ, ಫ್ರೀಜ್ ಮಾಡಿದ್ರೂ ಸಾಯ್ತವೆ ಅಂತ ಕೇಳಿಕೊಳ್ಳಿ."

ವಾಪಸ್ ಬಂದ ಕೂಡಲೇ ಮೇಲಿನ ಮನೆಗೆ ಹೋದೆ. ಆಂಟಿ ಡ್ಯೂಟಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದರು. ನಾನು ಹೇಳುತ್ತ ಹೋದಂತೆ ಬಾಚಣಿಗೆ ನಿಂತಿತು.

"ನನ್ನನ್ನು ಹಿಡಿದುಕೊಡ್ತೀರಾ ನೀವು?"

"ಹಾಗಲ್ಲ ಆಂಟಿ..."

"ನಾನು ನಿಮ್ಮನ್ನು ನಂಬಿ ಬಾಟಲಿ ತಂದದ್ದು."

ಅವರು ಬಾಗಿಲು ತೆರೆದು ಹಿಡಿದರು. ನಾನು ಇಳಿದು ಬಂದೆ. ಆಮೇಲಿನ ಮೂರು ದಿನ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿದರೆ ನಾನು ಒಳಗೇ ನಿಲ್ಲುತ್ತಿದ್ದೆ. ಕೋಲನ್ನು ಎಲ್ಲಿಗಾದರೂ ಸಾಗಿಸಿಬಿಟ್ಟರೇ? ಕೋಪದಲ್ಲಿ ಚೀಲ ಬಿಚ್ಚಿ ಮತ್ತೆ ಶಿಲುಬೆಯ ಪಕ್ಕ ಇಟ್ಟರೇ? ಕೆಲಸದಲ್ಲಿ ಎರಡು ಇರುವೆಗಳ ಕಾಲು ಮುರಿದೆ.

ನಾಲ್ಕನೆಯ ದಿನ, ಭಾನುವಾರದ ಪೂಜೆ ಮುಗಿಸಿ, ಚರ್ಚಿಗೆ ಉಟ್ಟ ಸೀರೆಯಲ್ಲೇ ಆಂಟಿ ಬಂದರು. ನಮ್ಮ ಮಡಿಸುವ ಕುರ್ಚಿಯ ತುದಿಯಲ್ಲಿ ಕೂತರು.

"ನಾನೇ ಬಂದು ಹೇಳ್ತೇನೆ. ನಿಮ್ಮ ಮೇಡಮ್‌ಗೂ, ಆ ಆಫೀಸಿನವರಿಗೂ. ನೀವು ಪಕ್ಕದಲ್ಲಿ ನಿಂತ್ರೆ ಸಾಕು." ಸ್ವಲ್ಪ ತಡೆದು, "ಅಪ್ಪ ಇದ್ದಿದ್ರೆ ನನಗೆ ಅದೇ ಕೋಲಿನಲ್ಲಿ ಕೊಡ್ತಿದ್ರು, ಸುಳ್ಳು ಬರೆದದ್ದಕ್ಕೆ" ಎಂದರು.

ಮರುದಿನ ಮುಖ್ಯಸ್ಥೆಯ ಕೋಣೆಯಲ್ಲಿ ನಾವಿಬ್ಬರೂ ನಿಂತಿದ್ದೆವು. ಆಂಟಿ ತಮ್ಮ ನಿಧಾನದ ಇಂಗ್ಲಿಷಿನಲ್ಲಿ, ಎಲ್ಲೂ ತಡವರಿಸದೆ, ಆದದ್ದನ್ನು ಆದಂತೆ ಹೇಳಿದರು. ಮುಖ್ಯಸ್ಥೆ ಅವರಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ನನ್ನ ಕಡೆ ತಿರುಗಿದರು.

"ನೀನು ನನಗೆ ಇಂಡಿಯಾ ಎಂದೆ."

"ಹೌದು."

"ಕೋಲು ತಂದದ್ದು ನನಗೆ ಅರ್ಥವಾಗುತ್ತದೆ. ಇದು ಅರ್ಥವಾಗುವುದಿಲ್ಲ."

ಕೆಲಸ ಹೋಯಿತು ಎಂದುಕೊಂಡೆ. ಅವರು ಫೋನ್ ಎತ್ತಿ ಕ್ವಾರಂಟೈನ್ ಅಧಿಕಾರಿಗಳಿಗೆ ಮಾತಾಡಿದರು. ಮಧ್ಯಾಹ್ನವೇ ಇಬ್ಬರು ವೆಸ್ಟ್‌ಮೀಡ್‌ಗೆ ಬಂದರು. ಚೀಲ ಸಮೇತ ಕೋಲನ್ನು ಇನ್ನೊಂದು ಡಬ್ಬಿಗೆ ಹಾಕಿದರು. ಆಂಟಿಯ ಕೋಣೆಯ ಸಂದುಗೊಂದುಗಳನ್ನೂ ನೀಲಗಿರಿ ಮರವನ್ನೂ ನೋಡಿದರು. ಒಬ್ಬಾತ ಹೋಗುವಾಗ ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದುಕೊಂಡ. ಆ ಪೆನ್ನು ಕಾಗದದ ಮೇಲೆ ಓಡುವುದನ್ನು ನೋಡುತ್ತ ನಮ್ಮ ಪಿಆರ್ ಅಲ್ಲೇ ಮುಗಿಯಿತು ಎಂದು ನನಗೆ ಖಚಿತವಾಗಿಬಿಟ್ಟಿತ್ತು.

ಕಾಯುವುದು ಮತ್ತೆ ಶುರುವಾಯಿತು. ಈ ಸಲ ಆಂಟಿಯೂ ನಮ್ಮ ಜೊತೆ ಕಾಯುತ್ತಿದ್ದರು. ಸಂಜೆ ಕೆಳಗೆ ಬಂದು, ನಮ್ಮ ಅಡುಗೆಮನೆಯಲ್ಲಿ ಕೂತು, "ಪತ್ರ ಬಂತಾ?" ಎಂದು ಕೇಳಿ, ಇಲ್ಲವೆಂದರೆ ತರಕಾರಿ ಹೆಚ್ಚಿಕೊಟ್ಟು ಹೋಗುತ್ತಿದ್ದರು. ಮೂರನೆಯ ವಾರ ಅವರಿಗೊಂದು ಪತ್ರ ಬಂತು. ಎಚ್ಚರಿಕೆಯ ಪತ್ರ, ಅಷ್ಟೇ. ಸ್ವತಃ ಬಂದು ತಿಳಿಸಿದ್ದನ್ನು ಪರಿಗಣಿಸಿದ್ದಾರೆ ಎಂದಿತ್ತು. ಕೋಲನ್ನು ಕಡುಶೀತದಲ್ಲಿ ಹೆಪ್ಪುಗಟ್ಟಿಸಿ, ಒಳಗಿನದೆಲ್ಲ ಸತ್ತದ್ದು ಖಾತ್ರಿಯಾದ ಮೇಲೆ ಗುರುತಿಸಲೆಂದು ನಮ್ಮ ಸಂಗ್ರಹಕ್ಕೇ ಕಳಿಸಿದ್ದರು.

ಅದನ್ನು ಸೀಳುವ ದಿನ ಮುಖ್ಯಸ್ಥೆ ಆಂಟಿಯನ್ನು ಕರೆಸಿದರು. "ಇದು ನಿಮ್ಮದು. ಬೇಡವೆಂದರೆ ಸೀಳುವುದಿಲ್ಲ." ಆಂಟಿ ಆಗಲಿ ಎಂದು ತಲೆಯಾಡಿಸಿದರು. ಮುಖ್ಯಸ್ಥೆ ಸಣ್ಣ ಗರಗಸದಿಂದ ತೂತಿನ ಮೇಲೆ ಕೆಳಗೆ ಎರಡು ಗುರುತು ಮಾಡಿ, ಒಂದು ಚಕ್ಕೆಯನ್ನು ಎತ್ತಿದರು. ಒಳಗೆ ಹುಳ ಕೊರೆದ ಸುರಂಗ, ಅದರುದ್ದಕ್ಕೂ ಇರುವೆಗಳು ಒತ್ತೊತ್ತಾಗಿ, ನಡುನಡುವೆ ಬಿಳಿ ಮರಿಗಳು. ತುದಿಯಲ್ಲಿ ಉಳಿದವಕ್ಕಿಂತ ದೊಡ್ಡದೊಂದು. ಎದೆಯ ಮೇಲೆ ಉದುರಿದ ರೆಕ್ಕೆಗಳ ಗುರುತು.

"ರಾಣಿ," ಎಂದೆ.

ಮುಖ್ಯಸ್ಥೆ ಚೀಟಿಯ ಕಾಗದವನ್ನು ತಾವೇ ತೆಗೆದುಕೊಂಡರು. ಒಂದು ವರ್ಷ ನೀನು ಚೀಟಿ ಬರೆಯುವಂತಿಲ್ಲ ಎಂದು ನನಗೆ ಹೇಳಿದರು; ಒಂದು ವರ್ಷ ಎಂದದ್ದರಿಂದ ಕೆಲಸ ಉಳಿಯಿತೆಂದು ಗೊತ್ತಾಯಿತು. ಆಮೇಲೆ ಆಂಟಿಯನ್ನು ಕೇಳಿದರು. ಆಂಟಿ ಊರು ಹೇಳಿದರು, ರೈಲ್ವೆ ಕ್ವಾರ್ಟರ್ಸ್ ಹೇಳಿದರು, ವರಾಂಡ ಯಾವ ದಿಕ್ಕಿಗಿತ್ತೆಂದು ಹೇಳಿದರು. ಮುಖ್ಯಸ್ಥೆ ಸಣ್ಣ ಅಕ್ಷರದಲ್ಲಿ ಎಲ್ಲ ಬರೆದರು. ಹಿಡಿದವರು ಎಂಬಲ್ಲಿ ಆಂಟಿಯ ಹೆಸರು.

ಎರಡು ಇರುವೆಗಳನ್ನು, ಆ ಮೊದಲ ಒಂಟಿ ಇರುವೆ ಇದ್ದ ಯುರೋಪಿನ ವಸ್ತುಸಂಗ್ರಹಾಲಯಕ್ಕೆ ಕಳಿಸಿದೆವು. ಐದು ತಿಂಗಳು ಉತ್ತರವಿಲ್ಲ. ಕಳೆದೇಹೋದವೇ, ನಾನು ಓದಿದ್ದು ತಪ್ಪೇ, ಡಾಕ್ಟರ ಕಣ್ಣೂ ತಪ್ಪೇ ಎಂದು ದಿನವೂ ಹೊಸ ಹೆದರಿಕೆ. ಆ ನಡುವೆ ನಮ್ಮ ಪಿಆರ್ ಬಂತು. ಅದರಲ್ಲಿ ಇರುವೆಯ ಸೊಲ್ಲೇ ಇರಲಿಲ್ಲ. ಆಮೇಲೆ ಯುರೋಪಿನ ಪತ್ರ ಬಂತು. ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇವೆ, ಒಂದೇ ಪ್ರಭೇದ, ರಾಣಿ ವಿಜ್ಞಾನಕ್ಕೆ ಹೊಸದು. ಮುಖ್ಯಸ್ಥೆ ಬರೆದ ಪುಟ್ಟ ಲೇಖನದಲ್ಲಿ ಎರಡನೆಯ ಹೆಸರು ನನ್ನದು. ಮೆಲ್ಬರ್ನ್‌ಗೆ ಫೋನ್ ಮಾಡಿದಾಗ ಡಾಕ್ಟರು, "ನನಗೆ ಸಿಗದ್ದು ನಿನಗೆ ಬಾತ್‌ಟಬ್‌ನಲ್ಲಿ ಸಿಕ್ತಲ್ಲಮ್ಮ!" ಎಂದು ಜೋರಾಗಿ ನಕ್ಕರು.

ಆಂಟಿ ಈ ಸುದ್ದಿಯನ್ನೆಲ್ಲ ಅತ್ತಿಗೆಗೆ ಬರೆದು, ಮಾವಿನ ಮರ ಕಡಿಸಬೇಡಿ, ಅದರಲ್ಲಿ ದೊಡ್ಡ ವಿಷಯ ಉಂಟು ಎಂದು ತಿಳಿಸಿದ್ದರು. ಎರಡು ತಿಂಗಳ ಮೇಲೆ ಅತ್ತಿಗೆಯ ಉತ್ತರ ಬಂತು. ಆಂಟಿ ಅದನ್ನು ಕೈಯಲ್ಲಿ ದೂರ ಹಿಡಿದುಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಇಳಿದು ನಮ್ಮ ಮನೆಗೆ ಬಂದರು. ಪತ್ರದ ಕೆಳಗೆ ಸೆಲೋಟೇಪಿನಡಿಯಲ್ಲಿ ಐದು ಇರುವೆಗಳು ಅಂಟಿದ್ದವು. ಪಕ್ಕದಲ್ಲಿ, ಇವೇನಾ ನೋಡು ಎಂದು ಕೊಂಕಣಿಯಲ್ಲಿ ಬರೆದಿತ್ತು.

"ಮುಟ್ಟಬೇಡಿ ಆಂಟಿ!" ಎಂದು ಕಿರುಚಿಕೊಂಡೆ.

"ನಾನು ಎಲ್ಲಿ ಮುಟ್ಟಿದೆ ಮಾರಾಯ್ತಿ! ಫೋನ್ ಮಾಡಿ, ಫೋನ್ ಮಾಡಿ ಮೊದಲು."

ಭೂತಗನ್ನಡಿಯಲ್ಲಿ ನೋಡಿದೆ. ಸತ್ತು ಚಪ್ಪಟೆಯಾಗಿದ್ದವು, ಯಾವ ಅಡುಗೆಮನೆಯಲ್ಲೂ ಸಕ್ಕರೆ ಡಬ್ಬಿಗೆ ಬರುವಂಥ ಇರುವೆಗಳು. ಆದರೂ ಪತ್ರವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಟೇಪ್ ಸುತ್ತಿ, ಮುಖ್ಯಸ್ಥೆಯ ಮನೆಗೆ ಫೋನ್ ಮಾಡಿದೆ. ಎಲ್ಲಿಂದ ಬಂತು, ಯಾವ ದಿನ ಬಂತು, ಯಾರು ಕಳಿಸಿದರು ಎಂದು ಅವರು ಕೇಳುವ ಮೊದಲೇ ಹೇಳಿದೆ.